ಓಡಿದ ದಾರಿಯ ದಾಖಲೆ: ಪೈಥಾನ್ ಟ್ರೇಸ್ ಬೆಳೆದು ಬಂದ ಬಗೆ

ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಯಾರೋ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದುಕೊಟ್ಟಿದ್ದಾರೆ ಎನ್ನಿ. ಕೃಷಿಕರೊಬ್ಬರು 3 ಗೋಣಿ ಅಡಿಕೆ ತಂದರು, ಒಂದೊಂದರಲ್ಲೂ 50 ಕಿಲೋ. ಸ್ಕ್ರಿಪ್ಟ್ ತೋರಿಸಿದ ಒಟ್ಟು ತೂಕ 5,05,050 ಕಿಲೋ! ಫೈಲಿನಿಂದ ಓದಿದ 50 ಸಂಖ್ಯೆ ಆಗಿರಲಿಲ್ಲ, ಬರೀ ಪಠ್ಯವಾಗಿತ್ತು. ಪಠ್ಯವನ್ನು 3ರಿಂದ ಗುಣಿಸಿದರೆ ಪೈಥಾನ್ ಅದನ್ನು ಮೂರು ಸಲ ಒತ್ತಿಗೆ ಬರೆಯುತ್ತದೆ. ಮುಂದಿನ ಸಾಲಿನಲ್ಲಿ ಅದನ್ನೇ ಸಂಖ್ಯೆಗೆ ಬದಲಿಸಿದಾಗ ಐದು ಲಕ್ಷ ದಾಟಿತು. ನಡುವೆ ಪ್ರಿಂಟ್ ಹಾಕಿ ನೋಡಿದರೂ 50 ಅಂತಲೇ ಕಾಣುತ್ತದೆ. ಅನುಮಾನ ಬರುವುದಾದರೂ ಹೇಗೆ?

ಪ್ರೋಗ್ರಾಂ ಓಡಿದ ದಾರಿಯನ್ನು, ಪ್ರತಿ ಸಾಲಿನಲ್ಲಿದ್ದ ಮೌಲ್ಯಗಳ ಸಮೇತ ಬರೆದಿಟ್ಟಿದ್ದರೆ (ಇಂಥ ದಾಖಲೆಯೇ ಟ್ರೇಸ್) ಆ 50ರ ಸುತ್ತ ಉದ್ಧರಣ ಚಿಹ್ನೆ, ಅಂದರೆ ಅದು ಪಠ್ಯ ಎಂಬ ಗುರುತು, ಕಾಣುತ್ತಿತ್ತು. ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು.

ಈ ಯೋಚನೆ ಹಳೆಯದು. 1969ರಲ್ಲೇ ರಾಬರ್ಟ್ ಬಾಲ್ಜರ್ ತಮ್ಮ ಎಕ್ಸ್‌ಡ್ಯಾಮ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಂನ ಓಟವನ್ನೆಲ್ಲ ಟೇಪಿಗೆ ಇಳಿಸಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡುವ ದಾರಿ ತೋರಿಸಿದ್ದರು. ತೊಡಕಾದದ್ದು ವೇಗ. ಪೈಥಾನ್‌ನ ಸೆಟ್‌ಟ್ರೇಸ್ ಕೊಂಡಿ ಪ್ರತಿ ಸಾಲಿಗೂ ನಾವು ಕೊಟ್ಟ ಫಂಕ್ಷನ್ನನ್ನು (ಹೆಸರಿಟ್ಟ ಕೋಡ್ ತುಣುಕನ್ನು) ಕರೆಯುತ್ತದೆ. ಒಂದು ಲಕ್ಷ ಸಲ ತಿರುಗುವ ಲೂಪ್ ಇದ್ದರೆ ಅಷ್ಟೂ ಸಲ ಕರೆ. ಪ್ರೋಗ್ರಾಂ ತೆವಳುತ್ತದೆ, ಫೈಲ್ ಉಬ್ಬುತ್ತದೆ. 2014ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾದವರು ಹೊರತಂದ ಆರ್‌ಆರ್ ಎಂಬ ತಪ್ಪು ಹುಡುಕುವ ಸಾಧನ ಬೇರೆ ದಾರಿ ಹಿಡಿಯಿತು. ಹೊರಗಿನಿಂದ ಬಂದದ್ದನ್ನು ಮಾತ್ರ ದಾಖಲಿಸಿ, ಉಳಿದದ್ದನ್ನು ಮತ್ತೆ ಓಡಿಸಿ ಪಡೆಯುವುದು. ಜಾಣ ಉಪಾಯ, ಆದರೆ ಅದು ನೋಡುವುದು ಯಂತ್ರದ ಮಟ್ಟದಲ್ಲಿ, ಪೈಥಾನ್ ಸಾಲುಗಳ ಮಟ್ಟದಲ್ಲಿ ಅಲ್ಲ. ಪೈಥಾನ್‌ಗೆ ನಿಜವಾದ ಬಿಡುಗಡೆ ಸಿಕ್ಕಿದ್ದು 2023ರ 3.12 ಆವೃತ್ತಿಯಲ್ಲಿ. ಅದರ ಮಾನಿಟರಿಂಗ್ ಸೌಲಭ್ಯದಲ್ಲಿ ಬೇಡದ ಸಾಲುಗಳ ವರದಿ ನಿಲ್ಲಿಸಬಹುದು, ಆಗ ಆ ಸಾಲುಗಳಿಗೆ ತಗಲುವ ಖರ್ಚು ಬಹಳ ಕಡಿಮೆ.

ನಮ್ಮ ಗಡಿನಾಡಿನವರಿಗೆ ಅದಕ್ಕಿಂತ ದೊಡ್ಡ ಬದಲಾವಣೆ 2008ರಲ್ಲೇ ಆಗಿತ್ತು ಅಂತ ನನ್ನ ಎಣಿಕೆ. ಪೈಥಾನ್ 2ರ ಟ್ರೇಸ್‌ನಲ್ಲಿ ಕನ್ನಡ ಹೆಸರೊಂದು ಬಂದರೆ ಅರ್ಥವಾಗದ ಸಂಕೇತಗಳ ಸಾಲು ಕಾಣುತ್ತಿತ್ತು. ಆ ವರ್ಷ ಬಂದ ಪೈಥಾನ್ 3 ಅದನ್ನು ಕನ್ನಡದಲ್ಲೇ ತೋರಿಸಿತು. 'ತೂಕ', 'ಬೆಲೆ' ಅಂತ ವೇರಿಯೇಬಲ್‌ಗೆ (ಮೌಲ್ಯ ಇಟ್ಟುಕೊಳ್ಳುವ ಜಾಗಕ್ಕೆ) ಹೆಸರಿಡಲೂ ಬಿಟ್ಟಿತು. ಕೇರಳದ ಹೈಸ್ಕೂಲ್ ಐಸಿಟಿ (ಕಂಪ್ಯೂಟರ್) ಪಾಠದಲ್ಲಿ ಪೈಥಾನ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗಿ ತನ್ನ ಟ್ರೇಸನ್ನು ತನ್ನ ಭಾಷೆಯಲ್ಲೇ ಸಾಲುಸಾಲಾಗಿ ಓದಬಹುದು. ಇದು ಸಣ್ಣ ಮಾತಲ್ಲ, ಅಲ್ವಾ?

ಅಂಗಡಿಯ ಸ್ಕ್ರಿಪ್ಟ್‌ನಂಥ ಕಡೆ ಎಲ್ಲವನ್ನೂ ದಾಖಲಿಸಬೇಡಿ. ಕೃಷಿಕರ ಫೋನ್, ಬ್ಯಾಂಕ್ ಖಾತೆ ನಂಬರ್‌ಗಳೂ ಆ ಫೈಲಿಗೆ ಬಂದು ಬೀಳುತ್ತವೆ. ತೂಕ ಲೆಕ್ಕ ಹಾಕುವ ಒಂದು ಫಂಕ್ಷನ್ನಿಗೆ ಮಾತ್ರ ಟ್ರೇಸ್ ಹಚ್ಚಿದರೆ ಸಾಕು. 2019ರಲ್ಲಿ ಬಂದ ಪೈಸ್ನೂಪರ್ ಎಂಬ ಪೈಥಾನ್ ಸಾಧನ ಮಾಡುವುದು ಅಷ್ಟನ್ನೇ: ಫಂಕ್ಷನ್ನಿನ ತಲೆಯ ಮೇಲೆ ಒಂದು ಸಾಲು ಸೇರಿಸಿದರೆ, ಅದರೊಳಗೆ ಯಾವ ವೇರಿಯೇಬಲ್ ಯಾವಾಗ ಬದಲಾಯಿತು ಅಂತ ಬರೆದುಕೊಡುತ್ತದೆ.