ರೂಬಲ್ ಬಿದ್ದರೆ ತಾಂಡಾಕ್ಕೆ ಯಾಕೆ ಪೆಟ್ಟು?

ಗೋವಾದ ಅಂಜುಣ, ಕಲಂಗುಟ್ ಕಡಲತೀರಗಳಲ್ಲಿ ಮಣಿಸರ, ಕನ್ನಡಿ ಕೂಡಿಸಿದ ಕಸೂತಿ ಬಟ್ಟೆ ಹೊತ್ತು ತಿರುಗುವ ಹೆಂಗಸರಲ್ಲಿ ಬಹಳಷ್ಟು ಮಂದಿ ನಮ್ಮ ಉತ್ತರ ಕರ್ನಾಟಕದ ತಾಂಡಾಗಳ ಲಂಬಾಣಿಗಳು. ಗಿರಾಕಿಗಳಿಂದಲೇ ನಾಲ್ಕು ರಷ್ಯನ್ ಮಾತು ಕಲಿತವರೂ ಇದ್ದಾರೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೀಜನ್. ಆಗ ದುಡಿದದ್ದರಲ್ಲೇ ಮಳೆಗಾಲ ಕಳೆಯಬೇಕು.

2014ರ ಜೂನ್‌ನಲ್ಲಿ ಡಾಲರಿಗೆ ಸುಮಾರು 34 ಇದ್ದ ರಷ್ಯದ ನಾಣ್ಯ ರೂಬಲ್, ಡಿಸೆಂಬರ್ ಮಧ್ಯದಲ್ಲಿ ಒಂದು ದಿನ 80ರ ಹತ್ತಿರಕ್ಕೆ ಕುಸಿಯಿತು. ರಷ್ಯಾ ಮಾರುವ ಕಚ್ಚಾತೈಲದ ಬೆಲೆ ಇಳಿದಿತ್ತು, ಉಕ್ರೇನಿನ ಕ್ರೈಮಿಯಾವನ್ನು ಅದು ವಶಪಡಿಸಿಕೊಂಡ ನಂತರ ಪಾಶ್ಚಾತ್ಯ ದೇಶಗಳು ಹೇರಿದ ನಿರ್ಬಂಧಗಳೂ ಬಿಗಿದಿದ್ದವು. ರಷ್ಯನ್ ಕುಟುಂಬಗಳಿಗೆ ವಿದೇಶ ಪ್ರವಾಸ ಕೈಗೆಟುಕದಾಯಿತು. ಪ್ರವಾಸ ಕಂಪನಿಗಳು ಇಡಿಯಾಗಿ ಬಾಡಿಗೆಗೆ ಹಿಡಿದು ಗೋವಾಕ್ಕೆ ಕಳಿಸುವ ಚಾರ್ಟರ್ ವಿಮಾನಗಳು ಕಡಿಮೆಯಾದವು. ತೈಲಕ್ಕೂ ಮಣಿಸರಕ್ಕೂ ಏನು ನಂಟು ಎಂದರೆ, ಇದೇ.

ವಿಮಾನ, ಹೋಟೆಲ್ ಎಲ್ಲ ಒಟ್ಟಿಗೆ ಸೇರಿದ ಪ್ಯಾಕೇಜ್ ಪ್ರವಾಸದ ಹಣವನ್ನು ಪ್ರವಾಸಿ ತನ್ನ ಊರಿನಲ್ಲೇ ಕಟ್ಟಿರುತ್ತಾನೆ. ವಿಮಾನದ ಬಾಡಿಗೆ, ಏಜೆಂಟರ ಕಮಿಷನ್, ಕಂಪನಿಯ ಲಾಭ ಬಹುಮಟ್ಟಿಗೆ ಅಲ್ಲೇ ಉಳಿಯುತ್ತವೆ. ಅರ್ಥಶಾಸ್ತ್ರಜ್ಞರು ಇದನ್ನು ಸೋರಿಕೆ ಎನ್ನುತ್ತಾರೆ. ನನಗೆ ಸೋರಿಕೆಗಿಂತ ದೊಡ್ಡದಾಗಿ ಕಾಣುವುದು ಚೌಕಾಸಿಯ ಬಲ. ವಿಮಾನದ ಸೀಟು ಯಾರ ಕೈಯಲ್ಲಿದೆಯೋ ಅವರು ಈ ವರ್ಷ ಗೋವಾ, ಮುಂದಿನ ವರ್ಷ ಟರ್ಕಿ ಎನ್ನಬಹುದು. ಹೋಟೆಲ್ ಕಟ್ಟಡ ಎದ್ದು ಹೋಗಲಾರದು. ಹಾಗಾಗಿ ಕೋಣೆಯ ದರ ತಗ್ಗಿಸುವುದು ಹೋಟೆಲಿನವನು. ಆ ಹೊರೆ ಮುಂದೆ ಅಡುಗೆಯವರ, ರೂಮ್ ಬಾಯ್‌ಗಳ ಸಂಬಳದ ಮೇಲೆ ಬೀಳುತ್ತದೆ.

2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಪ್ರವಾಸ ಕಂಪನಿ ಥಾಮಸ್ ಕುಕ್ ಮುಳುಗಿತು. (ಅದೇ ಹೆಸರಿನ ಭಾರತೀಯ ಕಂಪನಿ ಬೇರೆ, ಅದಕ್ಕೇನೂ ಆಗಲಿಲ್ಲ.) ಹೊರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗಳನ್ನು ಅಲ್ಲಿನ ಸರ್ಕಾರ ವಿಮಾನ ಕಳಿಸಿ ಕರೆಸಿಕೊಂಡಿತು, ಪ್ಯಾಕೇಜ್ ಗ್ರಾಹಕರನ್ನು ಕಾಯುವ ನಿಧಿಯೂ ಅಲ್ಲಿದೆ. ಹೋಟೆಲುಗಳಿಗೆ ಅಂಥ ಆಸರೆಯಿರಲಿಲ್ಲ. ಪ್ರವಾಸಿಗಳು ತಂಗಿಹೋಗಿ ತಿಂಗಳುಗಳಾದ ಮೇಲೆ ಹಣ ಪಡೆಯುವುದು ಈ ವ್ಯವಹಾರದ ರೂಢಿ, ಆದ್ದರಿಂದ ಕಂಪನಿಯಿಂದ ಬಾಕಿ ಬರಬೇಕಾದವರ ಸಾಲಿನಲ್ಲಿ ಅವು ನಿಂತವು. ಮಣಿಸರ ಮಾರುವವಳಿಗೆ ಆ ಸಾಲೂ ಇಲ್ಲ, ಕೇಳಲು ಕಾಗದವೇ ಇಲ್ಲ. ನಷ್ಟದ ಭಯವೆಲ್ಲ ಕೆಳಕೆಳಗೆ ಇಳಿದು ಕೊನೆಗೆ ಅವಳ ಬುಟ್ಟಿಗೆ ಬರುತ್ತದೆ, ಲಾಭ ಮಾತ್ರ ಮೇಲೇ ನಿಲ್ಲುತ್ತದೆ. ಇದು ನನಗೆ ಶುದ್ಧ ಅನ್ಯಾಯವಾಗಿ ಕಾಣುತ್ತದೆ.

ಅನುಮತಿಯಿಲ್ಲದೆ ತೀರದಲ್ಲಿ ಮಾರುವುದನ್ನು ಗೋವಾದ ಕಾನೂನು ತಡೆಯುತ್ತದೆ, ಸೀಜನ್ನಿನಲ್ಲಿ ಸರಕು ಜಪ್ತಿಯೂ ಆಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕೇಂದ್ರ ಕಾಯ್ದೆಯಲ್ಲಿ ಗುರುತಿನ ಚೀಟಿ, ಮಾರಾಟದ ಪ್ರಮಾಣಪತ್ರ ಕೊಡುವ ದಾರಿಯಿದೆ, ಆದರೆ ಅದು ಪಟ್ಟಣಗಳನ್ನು ಕಣ್ಣಲ್ಲಿಟ್ಟುಕೊಂಡು ಬರೆದದ್ದು. ಅಂಜುಣದಂಥ ಪಂಚಾಯಿತಿಗಳಿಗೂ ಅದೇ ಬಗೆಯ ವ್ಯವಸ್ಥೆ ಬರಬೇಕು, ಅದನ್ನು ರೂಪಿಸುವ ಸಮಿತಿಯಲ್ಲಿ ತಾಂಡಾದ ಹೆಂಗಸರೂ ಕೂರಬೇಕು.