ಏಡಾ ಲವ್‌ಲೇಸ್ ಕೋಷ್ಟಕದ ನಾಲ್ಕನೇ ಸಾಲು

ಏಡಾ ಲವ್‌ಲೇಸ್ ಜಗತ್ತಿನ ಮೊದಲ ಪ್ರೋಗ್ರಾಮರ್ ಹೌದೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ವಾದಕ್ಕಿಳಿಯುವ ಮೊದಲು, ಯಂತ್ರವೊಂದು ಲೆಕ್ಕ ಮಾಡಬೇಕಾದ ಹೆಜ್ಜೆಗಳನ್ನು ಸಾಲಾಗಿ ಬರೆದ, 1843ರಲ್ಲಿ ಅಚ್ಚಾದ ಅವರ ಕೋಷ್ಟಕವನ್ನು ಒಮ್ಮೆ ಬಿಡಿಸಿ ನೋಡಬೇಕು.

ಏಡಾ ಹುಟ್ಟಿದ್ದು 1815ರಲ್ಲಿ, ಲಂಡನ್ನಿನಲ್ಲಿ, ಕವಿ ಬೈರನ್ನನ ಮಗಳಾಗಿ. ಮಗುವಿಗೆ ಎರಡು ತಿಂಗಳು ತುಂಬುವ ಮೊದಲೇ ಗಂಡನನ್ನು ತೊರೆದ ತಾಯಿ, ಪಟ್ಟು ಹಿಡಿದು ಮಗಳಿಗೆ ಗಣಿತ ಕಲಿಸಿದರು. 17ರ ವಯಸ್ಸಿನಲ್ಲಿ, ಲೆಕ್ಕದ ಯಂತ್ರಗಳನ್ನು ರೂಪಿಸುತ್ತಿದ್ದ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಪರಿಚಯವಾಯಿತು. ಮದುವೆಯಾಗಿ ಮೂರು ಮಕ್ಕಳಾದ ಮೇಲೂ ಗಣಿತಜ್ಞ ಡಿ ಮಾರ್ಗನ್ ಅವರಿಂದ ಪತ್ರಮುಖೇನ ಪಾಠ ಹೇಳಿಸಿಕೊಂಡರು.

ಬ್ಯಾಬೇಜ್ ಅವರ ನಕ್ಷೆಯಲ್ಲಷ್ಟೇ ಉಳಿದ ಲೆಕ್ಕದ ಯಂತ್ರ ಅನಲಿಟಿಕಲ್ ಎಂಜಿನ್ನಿನಲ್ಲಿ ಒಂದೊಂದು ಕಂಬದಲ್ಲಿ ಒಂದೊಂದು ಸಂಖ್ಯೆ ಇಡಲು ಒಂದು ಉಗ್ರಾಣ, ಲೆಕ್ಕ ಅರೆಯಲು ಒಂದು ಗಿರಣಿ. ಅಪ್ಪಣೆ ಕೊಡುವುದು ಜಕಾರ್ಡ್ ಮಗ್ಗದಿಂದ ಎರವಲು ತಂದ ತೂತು ಕಾರ್ಡು. ಇಟಲಿಯ ಎಂಜಿನಿಯರ್ ಮೆನಾಬ್ರಿಯಾ ಇದರ ಬಗ್ಗೆ ಫ್ರೆಂಚಿನಲ್ಲಿ ಬರೆದಿದ್ದ ಲೇಖನವನ್ನು ಏಡಾ ಇಂಗ್ಲಿಷಿಗೆ ತಂದರು. ಜೊತೆಗೆ ಏಳು ಟಿಪ್ಪಣಿ ಸೇರಿಸಿದರು. ಮೂಲಕ್ಕಿಂತ ಟಿಪ್ಪಣಿಗಳೇ ಸುಮಾರು ಮೂರು ಪಟ್ಟು ಉದ್ದ.

ಕೊನೆಯ ಟಿಪ್ಪಣಿಯಲ್ಲಿದೆ ಆ ಕೋಷ್ಟಕ: ಬರ್ನೌಲಿ ಸಂಖ್ಯೆಗಳೆಂಬ, ಗಣಿತದಲ್ಲಿ ಹಲವೆಡೆ ಬರುವ ಸರಣಿಯ ಒಂದು ಸಂಖ್ಯೆಯನ್ನು ಕಂಡುಹಿಡಿಯುವ 25 ಹೆಜ್ಜೆ. ಪ್ರತಿ ಸಾಲಿನಲ್ಲೂ ಯಾವ ಕ್ರಿಯೆ, ಯಾವ ಎರಡು ಕಂಬಗಳ ಸಂಖ್ಯೆ, ಉತ್ತರ ಯಾವ ಕಂಬಕ್ಕೆ ಎಂಬುದಿದೆ. ಕಂಬದ ಬೆಲೆ ಬದಲಾದಾಗಲೆಲ್ಲ ಹೆಸರಿನ ಎಡಗಡೆಯ ಪುಟ್ಟ ಅಂಕಿ ಒಂದು ಹೆಚ್ಚುತ್ತದೆ. ಹಳೆಯ ಬೆಲೆ, ಹೊಸ ಬೆಲೆ ಕಲಸಿಹೋಗುವುದಿಲ್ಲ. 13ರಿಂದ 23ರವರೆಗಿನ ಹೆಜ್ಜೆಗಳನ್ನು ಮತ್ತೆ ಬರೆಯದೆ, ಅವೇ ಮರುಕಳಿಸಲಿ ಎಂದು ಸೂಚಿಸಿದ್ದಾರೆ. ನಾವು ಲೂಪ್ ಎನ್ನುವುದು ಇದನ್ನೇ.

ತಪ್ಪೂ ಇದೆ. ನಾಲ್ಕನೇ ಸಾಲಿನಲ್ಲಿ ನಾಲ್ಕನೇ ಕಂಬವನ್ನು ಐದನೆಯದರಿಂದ ಭಾಗಿಸಬೇಕು, ಅಚ್ಚಾಗಿರುವುದು ತಿರುಗುಮುರುಗು. ಹಾಗೇ ನಡೆಸಿದರೆ 7/9 ಬರಬೇಕಾದಲ್ಲಿ 9/7 ಬಂದು ಕೊನೆಯ ಉತ್ತರವೇ ಕೆಡುತ್ತದೆ. ಪಕ್ಕದ ಅಂಕಣದಲ್ಲಿರುವ ಸೂತ್ರ ಸರಿಯಾಗಿಯೇ ಇರುವುದರಿಂದ ಇದು ಕೈತಪ್ಪೇ ಹೊರತು ತಿಳಿವಳಿಕೆಯ ಕೊರತೆಯಲ್ಲ.

ವಾದಕ್ಕೆ ಮೂಲ ಬ್ಯಾಬೇಜ್ ಅವರೇ. ಏಡಾಗಿಂತ ಮೊದಲೇ ಅವರು ಇಂಥ ಚಿಕ್ಕ ಕೋಷ್ಟಕಗಳನ್ನು ಬರೆದಿಟ್ಟಿದ್ದರು, ಪ್ರಕಟಿಸಿರಲಿಲ್ಲ. 1864ರ ಆತ್ಮಕಥನದಲ್ಲಿ, ಬರ್ನೌಲಿ ಸಂಖ್ಯೆಯ ಬೀಜಗಣಿತವನ್ನು ತಾನೇ ಮಾಡಿಕೊಟ್ಟೆ ಎಂದರು. ಅದನ್ನೇ ಹಿಡಿದು ಏಡಾರನ್ನು ಬರೀ ಅನುವಾದಕಿ ಎನ್ನುವವರು ಮುಂದಿನ ಮಾತನ್ನೂ ಓದಬೇಕು: ತಾನು ಮಾಡಿದ್ದ ದೊಡ್ಡ ತಪ್ಪನ್ನು ಹಿಡಿದು, ತಿದ್ದಲು ವಾಪಸು ಕಳಿಸಿದವರು ಏಡಾ ಎಂದು ಅಲ್ಲೇ ಬರೆದಿದ್ದಾರೆ. ಅದು ಅಚ್ಚಾಗುವ ಹೊತ್ತಿಗೆ ಏಡಾ ತೀರಿಕೊಂಡು 12 ವರ್ಷವಾಗಿತ್ತು.