ಕಡೇ ಪಂಕ್ತಿಯ ಹರಳುಗಳು

ರಾಮನಗರ, ಮಾಗಡಿ, ಕನಕಪುರ ಕಡೆಯವರಿಗೆ ನಾನು ಭೂವಿಜ್ಞಾನಿ ಅಂತ ಗೊತ್ತಾದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ. "ನಮ್ಮೂರ ತುಂಬಾ ಬರೀ ಬಂಡೆ. ಇಷ್ಟರಲ್ಲಿ ಎಲ್ಲೋ ಒಂದು ಕಡೆ ರತ್ನ ಇರಲೇಬೇಕಲ್ವಾ ಸಾರ್?" ಕೆಲವರು ಕರವಸ್ತ್ರದಲ್ಲಿ ಕಲ್ಲು ಸುತ್ತಿಕೊಂಡೇ ಬಂದಿರುತ್ತಾರೆ. ಬಿಚ್ಚಿ ನೋಡಿದರೆ ಜಾಸ್ತಿ ಸಲ ಬೆಣಚುಕಲ್ಲು.

ಆದರೆ ಪ್ರಶ್ನೆ ಒಳ್ಳೆಯದೇ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನ ಗ್ರಾನೈಟ್ ಪಟ್ಟಿ ಅಲ್ಲಿಂದ ಉತ್ತರಕ್ಕೆ, ಪಾವಗಡವನ್ನೂ ದಾಟಿ, ಸುಮಾರು 400 ಕಿಲೋಮೀಟರ್ ಹಬ್ಬಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಶಿಲಾಪಾಕ ಮೇಲಕ್ಕೆ ಬರಲು ಹೊರಟು, ಹೊರಗೆ ಉಕ್ಕದೆ ಒಳಗೇ ಗಟ್ಟಿಯಾಯಿತು. ಮೇಲಿನ ಕಲ್ಲೆಲ್ಲ ಸವೆದುಹೋದ ಮೇಲೆ ಅದು ನಮಗೆ ಬೆಟ್ಟವಾಗಿ ಕಾಣುತ್ತಿದೆ. ಇಷ್ಟು ದೊಡ್ಡ ಒಲೆ ಉರಿದ ಕಡೆ ರತ್ನ ಯಾಕೆ ರಾಶಿ ಬಿದ್ದಿಲ್ಲ?

ಯಾಕೆಂದರೆ ಗ್ರಾನೈಟಿನ ಮೈ ಬೇರೆ, ರತ್ನ ಹುಟ್ಟುವ ಜಾಗ ಬೇರೆ. ಶಿಲಾಪಾಕ ಆರುತ್ತಾ ಬಂದ ಹಾಗೆ ಫೆಲ್ಡ್‌ಸ್ಪಾರ್, ಬೆಣಚು, ಕಾಗೆಬಂಗಾರ ಹರಳುಗಟ್ಟುತ್ತವೆ. ಸಿಲಿಕಾನ್, ಅಲ್ಯೂಮಿನಿಯಂ, ಪೊಟ್ಯಾಸಿಯಂ, ಸೋಡಿಯಂಗೆಲ್ಲ ಈ ಹರಳುಗಳಲ್ಲಿ ಜಾಗ ಸಿಗುತ್ತದೆ. ಹಲವು ರತ್ನಗಳಿಗೆ ಬೇಕಾದ ಧಾತುಗಳಿಗೆ ಮಾತ್ರ ಸಿಗುವುದಿಲ್ಲ: ಬೆರಿಲಿಯಂ ತೀರಾ ಚಿಕ್ಕದು, ಬೋರಾನ್ ಹೊಂದಿಕೊಳ್ಳುವುದಿಲ್ಲ, ಲಿಥಿಯಂದೂ ಹೆಚ್ಚುಕಮ್ಮಿ ಅದೇ ಕತೆ. ಮದುವೆ ಮನೆಯಲ್ಲಿ ಎಲೆ ಸಿಗದವರು ಕಡೇ ಪಂಕ್ತಿಗೆ ಕಾಯುವ ಹಾಗೆ ಇವು ಉಳಿದ ರಸದಲ್ಲೇ ಉಳಿಯುತ್ತವೆ. ಒಂದು ಟನ್ ಗ್ರಾನೈಟಿನಲ್ಲಿ ಬೆರಿಲಿಯಂ ಇರುವುದು ಕೆಲವೇ ಗ್ರಾಂ. ರತ್ನವಾಗಬಲ್ಲ ಬೆರಿಲ್ ಎಂಬ ಖನಿಜದ ಹರಳಿನಲ್ಲಾದರೆ ಅದು ತೂಕದ ಶೇ. 5ರಷ್ಟು. ಎಷ್ಟು ಗ್ರಾನೈಟಿನ ಹಿಂಡಿದ ರಸ ಒಂದು ಕಡೆ ಸೇರಬೇಕು, ಲೆಕ್ಕ ಹಾಕಿ.

ಆ ಕೊನೆಯ ರಸ ಸುತ್ತಲಿನ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದರೆ ಅದೇ ಪೆಗ್ಮಟೈಟ್. ಬೆರಳು ಗಾತ್ರದ, ಕೆಲವೊಮ್ಮೆ ಆಳುದ್ದದ ಹರಳುಗಳಿರುವ ಬಿಳಿ ಅಥವಾ ಗುಲಾಬಿ ಪಟ್ಟಿ. ಮಡಗಾಸ್ಕರಿನ ಮಲಕಿಯಾಲಿನಾದಲ್ಲಿ 18 ಮೀಟರ್ ಉದ್ದದ ಬೆರಿಲ್ ಹರಳು ಸಿಕ್ಕಿತ್ತು.

"ನಿಧಾನವಾಗಿ ಆರಿದರೆ ದೊಡ್ಡ ಹರಳು" ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಗ್ರಾನೈಟನ್ನೂ ಲಾವಾ ಕಲ್ಲನ್ನೂ ಹೋಲಿಸುವಾಗ ಅದು ಸರಿ. ಪೆಗ್ಮಟೈಟಿಗೆ ಬಂದರೆ ಕೈಕೊಡುತ್ತದೆ. ಕೆಲವೇ ಮೀಟರ್ ಅಗಲದ ಪಟ್ಟಿ, ಅದೂ ತನಗಿಂತ ತಣ್ಣಗಿರುವ ಕಲ್ಲಿನ ನಡುವೆ. ಭೂಮಿಯ ಲೆಕ್ಕದಲ್ಲಿ ಅದು ಬೇಗನೇ ಆರಿಬಿಡುತ್ತದೆ. ಗುಟ್ಟಿರುವುದು ರಸದಲ್ಲಿ. ನೀರು, ಬೋರಾನ್, ಫ್ಲೋರಿನ್ ಸೇರಿ ಅದು ತುಂಬಾ ತೆಳುವಾಗಿರುತ್ತದೆ. ಹೊಸ ಹರಳು ಮೊಳೆಯುವುದು ಕಷ್ಟ, ಮೊಳೆತದ್ದಕ್ಕೆ ಮಾತ್ರ ಸರಕು ಸಲೀಸಾಗಿ ಬಂದು ಸೇರುತ್ತದೆ. ಅದಕ್ಕೇ ಹರಳು ಕಡಿಮೆ, ಇರುವವು ದೊಡ್ಡವು.

ದೊಡ್ಡದಾದ ಮಾತ್ರಕ್ಕೆ ರತ್ನ ಆಗುವುದಿಲ್ಲ. ಒತ್ತೊತ್ತಾಗಿ ಬೆಳೆದ ಬೆರಿಲ್ ಮಬ್ಬಾಗಿ, ಬಿರುಕು ತುಂಬಿಕೊಂಡಿರುತ್ತದೆ. ತಿಳಿಯಾದ ಹರಳು ಬೇಕೆಂದರೆ ಪಟ್ಟಿಯ ನಡುವೆ ಟೊಳ್ಳು ಇರಬೇಕು. ಎಲ್ಲ ಪೆಗ್ಮಟೈಟಿನಲ್ಲೂ ಟೊಳ್ಳು ಇರುವುದಿಲ್ಲ.

ನಮಗೆ ಹತ್ತಿರದ ಒಳ್ಳೆಯ ಉದಾಹರಣೆ ತಮಿಳುನಾಡಿನ ಕಾಂಗೇಯಂ ಬಳಿಯ ಪಡಿಯೂರು. ಅಲ್ಲಿನ ಪೆಗ್ಮಟೈಟಿನಲ್ಲಿ ಸಿಕ್ಕಿದ್ದು ಸಮುದ್ರನೀಲಿಯ ಬೆರಿಲ್, ಅಂದರೆ ಅಕ್ವಾಮರೀನ್. ಆ ಬಣ್ಣ ಕೊಡುವುದು ಚೂರೇ ಚೂರು ಕಬ್ಬಿಣ. 1819-20ರಲ್ಲಿ ಹೀತ್ ಎಂಬ ಇಂಗ್ಲಿಷಿನವನು ಅಲ್ಲಿ ಗಣಿ ನಡೆಸಿದ್ದ. ಪಡಿಯೂರು ಇರುವ ಕೊಂಗುನಾಡಿನ ಬೆರಿಲ್ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ನೊಯ್ಯಲ್ ನದಿ ದಂಡೆಯ ಪ್ರಾಚೀನ ಊರು ಕೊಡುಮಣಲ್‌ನಲ್ಲಿ ಅಗೆದಾಗ ಬೆರಿಲ್ ಮಣಿಗಳೂ, ಮಣಿ ಮಾಡುತ್ತಿದ್ದ ಕುರುಹುಗಳೂ ಸಿಕ್ಕಿವೆ. ಒಂದನೇ ಶತಮಾನದ ರೋಮಿನ ಪ್ಲಿನಿ, ಬೆರಿಲ್ ಬರುವುದು ಇಂಡಿಯಾದಿಂದ, ಬೇರೆ ಕಡೆ ಅಪರೂಪ ಅಂತ ಬರೆದಿದ್ದಾನೆ. ಇಂಡಿಯಾದವರಿಗೆ ಉದ್ದನೆಯ ಬೆರಿಲ್ ಇಷ್ಟ, ಅದಕ್ಕೆ ಚಿನ್ನ ಕಟ್ಟಿಸದೆ ಆನೆಯ ಕೂದಲಿನಲ್ಲಿ ಪೋಣಿಸುತ್ತಾರೆ ಅನ್ನುತ್ತಾನೆ. ಜೊತೆಗೆ, ಸ್ಫಟಿಕಕ್ಕೆ, ಅಂದರೆ ತಿಳಿಯಾದ ಬೆಣಚಿಗೆ, ಬಣ್ಣ ಹಾಕಿ ನಕಲಿ ಬೆರಿಲ್ ಮಾಡುವುದನ್ನೂ ಇವರು ಕಲಿತಿದ್ದಾರೆ ಅನ್ನುತ್ತಾನೆ! ವ್ಯಾಪಾರ ಅಂದಮೇಲೆ ಅದೂ ಇರುತ್ತದೆ, ಬಿಡಿ.

ನಮ್ಮಲ್ಲಿ ಪೆಗ್ಮಟೈಟ್ ಇಲ್ಲ ಅಂತಲ್ಲ. ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಸುತ್ತಿನ ಪೆಗ್ಮಟೈಟಿನಲ್ಲಿ ಅಂದಾಜು 1,600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಸುದ್ದಿಯಾಯಿತು. ಅಲ್ಲಿನ ಖನಿಜ ಸ್ಪಾಡ್ಯುಮಿನ್. ಇದೇ ಖನಿಜ ತಿಳಿಯಾಗಿ, ಗುಲಾಬಿ ಬಣ್ಣದಲ್ಲಿ ಸಿಕ್ಕರೆ ಕುಂಜೈಟ್ ಎಂಬ ರತ್ನ. ಆದರೆ ಸುದ್ದಿ ಇದ್ದದ್ದು ಬ್ಯಾಟರಿಯ ಲಿಥಿಯಂ ಬಗ್ಗೆ. ಸುಮ್ನೆ ಯಾರೋ ಹೇಳಿದರು ಅಂತ ಅಲ್ಲಿ ಹೋಗಿ ಗುಲಾಬಿ ಕಲ್ಲು ಹುಡುಕಬೇಡಿ.

ಪಚ್ಚೆಯದು ಇನ್ನೂ ತಮಾಷೆ. ಅದೂ ಬೆರಿಲ್ಲೇ. ಆದರೆ ಹಸಿರು ಬರಲು ಕ್ರೋಮಿಯಂ ಅಥವಾ ವನೇಡಿಯಂ ಬೇಕು. ಬೆರಿಲಿಯಂ ಇರುವ ಗ್ರಾನೈಟಿನಲ್ಲಿ ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಕ್ರೋಮಿಯಂ ಇರುವ ಕಪ್ಪುಕಲ್ಲಿನಲ್ಲಿ ಬೆರಿಲಿಯಂ ಕಡಿಮೆ. ಪೆಗ್ಮಟೈಟ್ ಅಂಥ ಕಪ್ಪುಕಲ್ಲಿಗೇ ನುಗ್ಗಿದರೆ, ಇಬ್ಬರೂ ಕೂಡುವ ಗಡಿಯ ಕಪ್ಪು ಕಾಗೆಬಂಗಾರದ ಪದರದಲ್ಲಿ ಪಚ್ಚೆ ಬೆಳೆಯುತ್ತದೆ. ರಾಜಸ್ಥಾನದಲ್ಲಿ ಅಜ್ಮೀರ್, ಉದಯಪುರ ಕಡೆ 1940ರ ದಶಕದಲ್ಲಿ ಸಿಕ್ಕಿದ ಪಚ್ಚೆ ಇಂಥದ್ದು.

ಮಾಣಿಕ್ಯ, ನೀಲ ಎರಡೂ ಕುರುಂದ, ಅಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ. ಸುತ್ತ ಸಿಲಿಕಾ ದಂಡಿಯಾಗಿದ್ದರೆ ಅಲ್ಯೂಮಿನಿಯಂ ಅದರ ಜೊತೆ ಸೇರಿ ಫೆಲ್ಡ್‌ಸ್ಪಾರೋ ಮತ್ತೊಂದೋ ಆಗಿಬಿಡುತ್ತದೆ. ಹಾಗಾಗಿ ಬೆಣಚುಕಲ್ಲಿನ ಒಡಲಲ್ಲಿ ಕುರುಂದ ಬೆಳೆಯುವುದಿಲ್ಲ. ಯಾರಾದರೂ ಬಿಳಿ ಬೆಣಚಿಗೆ ಅಂಟಿದ ಕೆಂಪು ಹರಳು ತೋರಿಸಿ ಮಾಣಿಕ್ಯ ಅಂದರೆ ನಾನು ಬೆಲೆ ಕೂಡ ಕೇಳುವುದಿಲ್ಲ.

ಇನ್ನು ಕರವಸ್ತ್ರದಲ್ಲಿ ಕಲ್ಲು ತರುವವರಿಗೆ. ಚಾಕುವಿನಿಂದ ಗೀರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆಣಚು, ಬೆರಿಲ್ ಎರಡೂ ಚಾಕುವಿಗಿಂತ ಗಟ್ಟಿ. ಹರಳಿಗೆ ಮುಖಗಳಿದ್ದರೆ ಅದನ್ನೇ ನೋಡಿ. ಆರು ಮುಖ, ಮೇಲೆ ಗೋಪುರದ ಹಾಗೆ ಚೂಪು, ಬದಿಯಲ್ಲಿ ಅಡ್ಡಗೆರೆ ಇದ್ದರೆ ಸ್ಫಟಿಕ. ಆರು ಮುಖ, ತಲೆ ಚಪ್ಪಟೆ ಇದ್ದರೆ ಬೆರಿಲ್ ಇರಬಹುದು. ಉಬ್ಬಿದ ಮೂರು ಬದಿ, ಉದ್ದುದ್ದ ಗೆರೆ ಇದ್ದರೆ ಟೂರ್ಮಲಿನ್ ಎಂಬ ಇನ್ನೊಂದು ಖನಿಜ. ನಮ್ಮ ಕಡೆ ಅದು ಜಾಸ್ತಿ ಸಿಗುವುದು ಕಪ್ಪು ಬಣ್ಣದ್ದೇ, ಬೆಲೆ ಕಡಿಮೆ. ಒಡೆದು ಮಾತ್ರ ನೋಡಬೇಡಿ. ಮತ್ತೆ, ಹೊಲ ನಿಮ್ಮದೇ ಆದರೂ ಅನುಮತಿ ಇಲ್ಲದೆ ಗಣಿ ಮಾಡುವ ಹಾಗಿಲ್ಲ. ಅಗೆಯುವ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ.